ಎರಡನೇ ಸಾಕ್ಷಿ

ಮಂಗಳವಾರ, ಹನ್ನೊಂದನೇ ತಾರೀಕು

ಪದಪಟ್ಟಿಯ ಮಹಾರಾಣಿಯವರಿಗೆ ಸೋದರಮಾವ ಬರೆಯುವುದು:

ಆಶೀರ್ವಾದ ಈ ಸಲ ಇಲ್ಲ. ಇದ್ದುದನ್ನೆಲ್ಲ ಹೋದ ಕಾಗದದಲ್ಲೇ ಖರ್ಚು ಮಾಡಿಬಿಟ್ಟೆ. ನನ್ನ ಕ್ಷೇಮ ನೀನು ಕೇಳಿಲ್ಲ, ನಿನ್ನದನ್ನು ನಾನು ಕೇಳುವುದಿಲ್ಲ, ಅಲ್ಲಿಗೆ ಸರಿಹೋಯಿತು. ಫೋನ್ ಮಾಡಿದರೆ ಅರ್ಧ ಮಾತಿಗೇ ಇಟ್ಟುಬಿಡುತ್ತೀಯ. ಕಾಗದವನ್ನು ಅರ್ಧಕ್ಕೇ ಇಡುವುದು ನಿನ್ನಿಂದಾಗದು. ಅಕ್ಷರ ಕಂಡರೆ ಕೊನೆಯವರೆಗೆ ಓದದೆ ಬಿಡುವವಳಲ್ಲ ನೀನು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ವಾಪಸ್ ಕಳಿಸಿದ ಚಪ್ಪಲಿ ಡಬ್ಬಿ ನಿನ್ನೆ ಬಂತು. ಒಳಗೆ ನಾನು ಪದ ಬರೆದು ಕೊಟ್ಟ ನಲವತ್ತೊಂಬತ್ತು ಚೀಟಿ, ಪ್ರತಿಯೊಂದರ ಮೇಲೂ ಕೆಂಪು ಗೀಟು. ಜೊತೆಗೆ ಸರ್ಕಾರಿ ನೋಟೀಸಿನಂಥ ನಾಲ್ಕು ಸಾಲು: ಈ ಚೀಟಿಗಳಲ್ಲಿ ಎರಡನೇ ಸಾಕ್ಷಿಯ ಹೆಸರು ಸುಳ್ಳು, ಇವನ್ನು ನಿಜವಾಗಿ ಯಾರ ಬಾಯಲ್ಲಿ ಕೇಳಿದಿರಿ, ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ನಿಜ ಹೇಳದಿದ್ದರೆ ನೀವು ಕೊಟ್ಟ ಸಾವಿರದ ನೂರು ಪದಗಳನ್ನೂ ಮುಖಪುಟದ ನಿಮ್ಮ ಹೆಸರನ್ನೂ ಕೈಬಿಡುತ್ತೇನೆ. ಕೆಳಗೆ ಸಹಿ, 'ಸಂಪಾದಕಿ'. ಆಹಾ! ಈ ಸಂಪಾದಕಿಯ ಸಿಂಬಳ ಒರೆಸಿದ ಕೈಯಿಂದಲೇ ನೋಟೀಸು ಬಿಡಿಸಿ ಓದಿದೆ.

ಸ್ವಲ್ಪ ಹಿಂದಕ್ಕೆ ಹೋಗಿ ನೋಡು. ಗೂಢ ಪದಬಂಧ ಕಟ್ಟುವವರಿಗೂ ಬಿಡಿಸುವವರಿಗೂ ಒಂದು ಪದಪಟ್ಟಿ ಮಾಡುತ್ತೇನೆ ಅಂತ ನೀನು ಹೊರಟಾಗ ನಿನ್ನ ಹತ್ತಿರ ಏನಿತ್ತು? ಮೂರು ನಿಘಂಟು, ಒಂದು ಕಂಪ್ಯೂಟರ್, ಒಂದು ಗಂಟುಮೋರೆ. ಎಲ್ಲ ಪದಗಳನ್ನೂ ನೀನು ಮೊದಲಕ್ಷರದಿಂದ ಜೋಡಿಸಿಟ್ಟಿದ್ದೆ. ನಾನು ಹೇಳಿದೆ: ಲೇ ಹುಡುಗಿ, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡವನಿಗೆ ಎಷ್ಟೋ ಸಲ ಪದದ ತಲೆ ಗೊತ್ತಿರುವುದಿಲ್ಲ, ಬಾಲ ಗೊತ್ತಿರುತ್ತದೆ. ಆರು ಮನೆ, ಕೊನೆಯ ಮನೆಯಲ್ಲಿ 'ರಿ', ಅಷ್ಟೇ ಅವನ ಆಸ್ತಿ. ಮನೆ ಎಣಿಸು, ಬಾಲದಿಂದ ಜೋಡಿಸು. ಈ ಬುದ್ಧಿ ಕೊಟ್ಟವನು ಹಳ್ಳಿ ಶಾಲೆಯ ಏಳನೇ ಕ್ಲಾಸಿನವನು. ನಾಲ್ಕರಿಂದ ಏಳರವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹಾಗೆ ನೋಡಿದರೆ ಏಳನೆಯದನ್ನು ನಾನು ನಾಲ್ಕು ಸಲ ಕೇಳಿ ಪಾಸಾದವನು. ನೀನು ಎಂ.ಎ. ಓದಿದ್ದು ಒಂದೇ ಸಲ.

ಮೇಲಾಗಿ ಮೂವತ್ತೊಂದು ವರ್ಷ ಒಂಬತ್ತು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ನಡೆಸಿದವನು. ನಮ್ಮ ವಂಶದಲ್ಲಿ ನನ್ನಷ್ಟು ಮೇಲೇರಿದವರಿದ್ದರೆ ತೋರಿಸು. ವಕೀಲರು, ಹಲ್ಲಿನ ಡಾಕ್ಟರು, ಜವಳಿ ದಲ್ಲಾಳಿಗಳು, ಕಸ ಗುಡಿಸುವವರು, ಎಲ್ಲರೂ ತಮ್ಮ ಮಹಡಿ ಬರುವಷ್ಟರಲ್ಲಿ ಒಂದೊಂದು ಪದ ಉದುರಿಸಿ ಹೋಗುತ್ತಿದ್ದರು. ಲಿಫ್ಟಿನವನಿಗೆ ಕಿವಿಯಿಲ್ಲ ಅಂತ ಅವರ ನಂಬಿಕೆ. ಆ ಕಿವಿಯಿಂದ ಸೋಸಿದ್ದು ನಿನ್ನ ಪುಸ್ತಕದ ಕಾಲು ಭಾಗ. ಹತ್ತಿದ ಏಣಿ ಒದೆಯುವವರನ್ನು ಕಂಡಿದ್ದೆ. ಲಿಫ್ಟನ್ನೇ ಒದೆಯುವವಳನ್ನು ಈಗ ಕಂಡೆ.

ಸಾಕ್ಷಿಯ ನಿಯಮ ನಿನ್ನದೇ. ಅಚ್ಚಿನಲ್ಲಿ ಸಿಗದ ಪದವಾದರೆ ಅದನ್ನು ಬಲ್ಲ ಇಬ್ಬರು ಬೇಕು, ಇಬ್ಬರೂ ಬದುಕಿರಬೇಕು, ಇಬ್ಬರಿಗೂ ಫೋನ್ ಇರಬೇಕು. ಇಲ್ಲದಿದ್ದರೆ ಬಿಡಿಸುವವರಿಗೆ ಮೋಸ ಅಂದೆ, ನಾನೂ ಒಪ್ಪಿದೆ. ಆದರೆ ನನ್ನ ಬೆನ್ನ ಹಿಂದೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೀ ಅಂತ ಯಾರಿಗೆ ಗೊತ್ತಿತ್ತು?

ಕ್ಷೌರದವನು ಶನಿವಾರ ನನ್ನ ಗಡ್ಡಕ್ಕೆ ಸೋಪು ಹಚ್ಚಿ, ಕತ್ತಿಯನ್ನು ಗಂಟಲ ಮೇಲಿಟ್ಟುಕೊಂಡೇ ಕೇಳಿದ: "ಅಣ್ಣಾ, ಯಾರೋ ಮೇಡಂ ಫೋನ್ ಮಾಡಿದ್ರು. 'ಉಳಿಬೆಚ್ಚು' ಅಂತ ನಾನು ಅಂತೀನಂತೆ, ಹೌದಾ ಅಂದ್ರು. ಅದೇನು ಹೊಸ ಕ್ರೀಮಾ, ನಮ್ಮಲ್ಲಿ ಸ್ಟಾಕ್ ಇಲ್ಲ ಅಂದೆ. ನನ್ನ ಹೆಸರು ಎಲ್ಲಿಗೆ ಬರ್ಕೊಟ್ರಿ? ಪೊಲೀಸ್ ಗಿಲೀಸ್ ಬರಲ್ಲ ತಾನೆ?" ಸರದಿಗೆ ಕಾಯುತ್ತಿದ್ದ ಮೂವರೂ ಪೇಪರ್ ಕೆಳಗಿಳಿಸಿ ನನ್ನ ಮುಖ ನೋಡಿದರು. ಇಸ್ತ್ರಿಯವಳಂತೂ ಬೀದಿಗೆಲ್ಲ ಕೇಳುವ ಹಾಗೆ, "ನಿಮ್ಮ ಅಂಗಿಗೆ ಗಂಜಿ ಹಾಕೋದು ಸಾಲ್ದು ಅಂತ ನನ್ನ ಬಾಯಿಗೆ ಪದಾನೂ ಹಾಕ್ತೀರಾ?" ಅಂದಳು. ಇನ್ನು ನನ್ನ ಚದುರಂಗದ ಜೊತೆಗಾರ, ಆ ನಿವೃತ್ತ ಗುಮಾಸ್ತ. ನನ್ನನ್ನು ಉಳಿಸಲು ಹೋಗಿ ನೀನು ಕೇಳಿದ್ದಕ್ಕೆಲ್ಲ "ಹೌದು ಹೌದು, ನಮ್ಮ ತಾತಾನೂ ಅಂತಿದ್ರು" ಅಂದನಂತೆ. ನಿಂತ ಕಾಲಲ್ಲಿ ನೀನೇ ಒಂದು ಪದ ಕಟ್ಟಿ ಕೇಳಿದ್ದಕ್ಕೂ ಅವನ ತಾತ ಅಂತಿದ್ದರಂತೆ. ಮುದುಕನನ್ನು ಹಾಗೆ ಬೀಳಿಸುವುದು ಯಾವ ಸೀಮೆಯ ಸಂಪಾದನೆ?

ಹೌದು, ಆ ಹೆಸರುಗಳನ್ನು ಬರೆದವನು ನಾನೇ. ಏನೀಗ? ಹೆಸರು ಸುಳ್ಳಾದರೆ ಪದ ಸುಳ್ಳೇ? ಉಳಿಬೆಚ್ಚು ಅಂದರೆ ಒಬ್ಬರು ಎದ್ದುಹೋದ ಕುರ್ಚಿಯಲ್ಲಿ ಉಳಿಯುವ ಕಾವು. ಎಳೆಮುನಿಸು ಅಂದರೆ ಯಾರೂ ಮುಟ್ಟದೆ ದಾರ ತಾನಾಗಿ ಗಂಟು ಹಾಕಿಕೊಳ್ಳುವುದು. ನಿನ್ನ ಮೂರು ನಿಘಂಟಿನಲ್ಲಿ ಇವಕ್ಕೆ ಸಮನಾದ ಒಂದೊಂದು ಪದ ತೋರಿಸು, ಮೀಸೆ ಬೋಳಿಸುತ್ತೇನೆ.

ಯಾರ ಬಾಯಲ್ಲಿ ಕೇಳಿದಿರಿ ಅಂತ ಕೇಳಿದ್ದೀಯಲ್ಲ, ಮೈ ಉರಿದದ್ದು ಆ ಸಾಲಿಗೆ. ಕೇಳುವವಳು ನೀನಾ?

ನಾಲ್ಕು ವರ್ಷ ಕಾಲೇಜಿಗೆ ಹೋಗುತ್ತಾ ನಮ್ಮ ಮನೆಯಲ್ಲಿದ್ದೆ. ಕಿಟಕಿಯ ಪಕ್ಕ ನಿನ್ನ ಅತ್ತೆಯ ಹೊಲಿಗೆ ಮಿಷನ್, ಎದುರಿಗೆ ನಿನ್ನ ಮೇಜು, ನಡುವೆ ಮೂರಡಿ. ದಾರ ಸಿಕ್ಕಾದಾಗೆಲ್ಲ "ಬಂತಪ್ಪ ಎಳೆಮುನಿಸು, ಇನ್ನು ಇದನ್ನ ರಮಿಸ್ಬೇಕು" ಅನ್ನುತ್ತಿದ್ದಳು. ನೀನೆದ್ದ ಕುರ್ಚಿಯಲ್ಲಿ ಕೂತು "ಹುಡುಗಿ ಉಳಿಬೆಚ್ಚು ಬಿಟ್ಟು ಹೋಗಿದಾಳೆ, ಚಳಿಗೆ ಹಿತವಾಗಿದೆ" ಅನ್ನುತ್ತಿದ್ದಳು. ನೀನು ಪೇಪರಿನ ಪದಬಂಧಕ್ಕೆ ಮೂಗು ತಾಗಿಸಿಕೊಂಡು, "ಅತ್ತೆ, ಒಂದ್ನಿಮಿಷ ಸುಮ್ನಿರಿ, ಪದ ಯೋಚಿಸ್ತಿದೀನಿ" ಅನ್ನುತ್ತಿದ್ದೆ. ಅವಳು ಪಾಪ ಸುಮ್ಮನಾಗುತ್ತಿದ್ದಳು.

ಅವಳು ಹೋದ ಮೇಲೆ ಚೀಟಿ ಬರೆಯಲು ಕೂತೆ. ಒಂದನೇ ಸಾಕ್ಷಿ ನಾನು. ಎರಡನೆಯದು ಅವಳಾಗುವ ಹಾಗಿಲ್ಲ, ನಿನ್ನ ನಿಯಮದಲ್ಲಿ ಸತ್ತವರಿಗೆ ಬಾಯಿಲ್ಲ. ನಿನ್ನ ಹೆಸರೇ ಬರೆಯೋಣ ಅಂತಿದ್ದೆ. ಹೋದ ಬೇಸಿಗೆಯಲ್ಲಿ ನೀನು ಬಂದಾಗ, ನೋಡೋಣ ಅಂತ ಮಾತಿನ ನಡುವೆ 'ಎಳೆಮುನಿಸು' ಅಂದೆ. ನೀನು ಮೊಬೈಲಿನಿಂದ ತಲೆಯೆತ್ತಿ, "ಚೆನ್ನಾಗಿದೆ ಮಾವ, ಯಾರು ಹೇಳಿದ್ದು?" ಅಂದೆ.

ಅವತ್ತೇ ಸಂಜೆ ಇಸ್ತ್ರಿಯವಳ ಹೆಸರು ಬರೆದೆ.

ಈಗ ತೀರ್ಪು ಕೊಡು. ಸಾವಿರದ ನೂರನ್ನೂ ತೆಗೆಯುತ್ತೀಯಾ, ತೆಗೆ. ಬಾಲದಿಂದ ಜೋಡಿಸಿದ್ದನ್ನೂ ಬಿಚ್ಚಿ, ನಿನ್ನ ಹಳೇ ಕ್ರಮದಲ್ಲೇ ಅಚ್ಚು ಹಾಕಿಸು. ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಕೂತು, ನೀನು ಬಾಯಿ ತೆರೆದಾಗೆಲ್ಲ ಕೆಮ್ಮುತ್ತೇನೆ. ನನ್ನ ಕೆಮ್ಮು ಒಂಬತ್ತು ಮಹಡಿಗೂ ಕೇಳುತ್ತಿತ್ತು, ನೆನಪಿರಲಿ.

ಇಷ್ಟು ಬರೆದರೂ ಸಿಟ್ಟು ಇಳಿಯದ
ನಿನ್ನ ಮಾವ

ಅಂಟಿಸುವ ಮುಂಚೆ ಸೇರಿಸಿದ್ದು: ಹೆಸರು ಸುಳ್ಳಾದರೆ ಪದ ಸುಳ್ಳೇ ಅಂತ ಮೇಲೆ ಜೋರು ಮಾಡಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ನಲವತ್ತೊಂಬತ್ತರಲ್ಲಿ ಅವಳವು ಹದಿನೆಂಟು. ಅವು ಮುಗಿದ ಮೇಲೂ ಕೈ ನಿಲ್ಲಲಿಲ್ಲ. ಇದಕ್ಕೆ ಅವಳು ಏನನ್ನುತ್ತಿದ್ದಳು, ಅದಕ್ಕೇನನ್ನುತ್ತಿದ್ದಳು ಅಂತ ಉಳಿದ ಮೂವತ್ತೊಂದನ್ನು ನಾನೇ ಕಟ್ಟಿದೆ. ಅವನ್ನು ಹೊಡೆದುಹಾಕು. ಮುಖಪುಟದಿಂದ ನನ್ನ ಹೆಸರನ್ನೂ ತೆಗೆ, ತಕರಾರಿಲ್ಲ, ಕೆಮ್ಮುವುದೂ ಇಲ್ಲ. ಅವಳ ಹದಿನೆಂಟನ್ನು ಹೊಸ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಎರಡನೇ ಸಾಕ್ಷಿಯ ಜಾಗ ಖಾಲಿಯಿದೆ. ಶುಕ್ರವಾರದೊಳಗೆ ಒಂದೊಂದನ್ನೇ ಗಟ್ಟಿಯಾಗಿ ಓದು. ಅವಳ ದನಿ ಕೇಳಿಸಿದ್ದಕ್ಕೆ ಮಾತ್ರ ಸಹಿ ಹಾಕು. ಕೇಳಿಸದಿದ್ದರೆ ನನ್ನ ಮೇಲಿನ ಕನಿಕರಕ್ಕೆ ಹಾಕಬೇಡ. ಸುಳ್ಳು ಸಾಕ್ಷಿ ಬರೆಯುವುದಕ್ಕೆ ಈ ಕುಟುಂಬಕ್ಕೆ ನಾನೊಬ್ಬ ಸಾಕು.