ಎರಡನೆಯ ವರದಿಗೆ ಮೊದಲು

ವಡೋದರಾ
೧೨ ಫೆಬ್ರವರಿ ೨೦೨೫

ಚಿರಂಜೀವಿ ಪ್ರಶಾಂತನಿಗೆ,

ಅಮ್ಮನ ಪ್ರೀತಿಯ ಆಶೀರ್ವಾದ. ಹೇಗಿದ್ದೀಯ ಮಗಾ? ಆ ಕೆಮ್ಮು ಬಿಟ್ಟಿತೇ? ಸೂರತ್ ಪಕ್ಕದ ಆ ಸಚಿನ್ ಊರಿನ ಬಣ್ಣದ ಕಾರ್ಖಾನೆಯ ಗಾಳಿ ನಿನಗೆ ಆಗುವುದಿಲ್ಲವೆಂದು ನಿನ್ನ ಅಪ್ಪ ಹೇಳುತ್ತಲೇ ಇದ್ದರು. ಮೊಣಕಾಲು ಒಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಅಡುಗೆ ಮಾತ್ರ ಕೆಟ್ಟಿದೆ. ಹುಳಿ ಹೆಚ್ಚಾಯಿತೆಂದು ಗೊಣಗಲು ಅವರಿಲ್ಲದೆ ಹದ ತಪ್ಪುತ್ತಿದೆ. ಹೋಟೆಲನ್ನು ನಿನ್ನ ದೊಡ್ಡಪ್ಪನ ಮಗ ರೋಹಿತನೇ ನೋಡಿಕೊಳ್ಳುತ್ತಿದ್ದಾನೆ. ಫೋನ್ ಮಾಡಿದರೆ ನೀನು "ಮೀಟಿಂಗ್‌ನಲ್ಲಿದ್ದೇನಮ್ಮ" ಎನ್ನುತ್ತೀಯ. ಅದಕ್ಕೇ ಈ ಕಾಗದ.

ದೀಪಾವಳಿ ರಜೆಯಲ್ಲಿ ನೀನೂ ರೋಹಿತನೂ ಕೊಳವೆಗೆ ಎಂಜಲು ಉಗುಳಿ ಕಳಿಸಿದಿರಿ. ನಮ್ಮ ಹಿರಿಯರು ಉಡುಪಿಗೆ ಎಲ್ಲಿಂದ ಬಂದರೆಂದು ಡಿಎನ್‌ಎ ಹೇಳುತ್ತದಂತೆ. ಉತ್ತರಾಯಣದ ದಿನ ಉತ್ತರ ಬಂತು. ಅಪ್ಪ ಹೋಗಿ ನಮಗೆ ಹಬ್ಬವಿಲ್ಲದ ವರ್ಷ. ತಾರಸಿಯಲ್ಲಿ ಕುಳಿತು ಅಕ್ಕಪಕ್ಕದವರ ಗಾಳಿಪಟ ನೋಡುತ್ತಿದ್ದೆವು. ಇಬ್ಬರೂ ಕರಾವಳಿಯವರೇ, ಆದರೆ ನಿಮ್ಮಿಬ್ಬರ ನಡುವೆ ರಕ್ತಸಂಬಂಧವಿಲ್ಲ ಎಂದಿತ್ತು. "ಎಂತ ಮಾರಾಯ, ನಿನ್ನನ್ನು ಆಸ್ಪತ್ರೆಯಲ್ಲಿ ಬದಲಾಯಿಸಿ ಕೊಟ್ರಾ?" ಎಂದು ರೋಹಿತ ನಕ್ಕ. ನೀನು ನಗಲಿಲ್ಲ. ನನ್ನನ್ನು ನೋಡಿದೆ. ಆ ನೋಟ ನನಗೆ ಅರ್ಥವಾಯಿತು, ಪ್ರಶಾಂತ. ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಅದೇ ಸಂಜೆ ಸೂರತ್ ಗಾಡಿ ಹತ್ತಿಬಿಟ್ಟೆ.

ಈಗ ಹೇಳುತ್ತೇನೆ. ಅಜ್ಜನ ಮನೆಯ ರಕ್ತವಲ್ಲದವರು ನಿನ್ನ ಅಪ್ಪ. ಅಜ್ಜನ ಹೋಟೆಲಿನಲ್ಲಿ ಕೋಟದ ಕಡೆಯ ಅಡುಗೆಭಟ್ಟರೊಬ್ಬರಿದ್ದರು. ಹೆಂಡತಿ ಹೆರಿಗೆಯಲ್ಲಿ ಹೋದರು, ಸ್ವಲ್ಪ ದಿನಕ್ಕೆ ಅವರೂ ಜ್ವರದಲ್ಲಿ ಹೋದರು. ಆ ಮಗುವನ್ನು ಸೊಂಟಕ್ಕೆ ಎತ್ತಿಕೊಂಡ ಅಜ್ಜಿ ಮತ್ತೆ ಇಳಿಸಲೇ ಇಲ್ಲ. ಉಪನಯನದಲ್ಲಿ ಮಂತ್ರ ಹೇಳಿಕೊಟ್ಟವರು ಅಜ್ಜ. ಮದುವೆಯಾದ ಹೊಸತರಲ್ಲಿ ನಿನ್ನ ಅಪ್ಪನೇ ನನಗೆ ಇದನ್ನು ತಿಳಿಸಿದ್ದು. "ಇನ್ನೊಬ್ಬ ಅಜ್ಜ ಇದ್ರು ಅಂತ ಗೊತ್ತಾದ್ರೆ ನಾಳೆ ಮಕ್ಕಳು ಈ ಅಜ್ಜನನ್ನು ಅರ್ಧ ಮಾಡ್ತಾರೆ ಯಶೋದಾ, ಬೇಡ" ಎಂದಿದ್ದರು. ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ಇದನ್ನು ಬಲ್ಲವಳು ನಾನೊಬ್ಬಳೇ. ಬೇರೆ ಸಾಕ್ಷಿ ಇಲ್ಲ. ನನ್ನ ಮಾತು, ಅಷ್ಟೇ.

ಇದೇ ೨೦ರ ಗುರುವಾರ ಅಪ್ಪನ ವರ್ಷಾಂತಿಕ. "ರೋಹಿತನೇ ಮಾಡಲಿ, ಆ ಮನೆಯ ರಕ್ತ ಅವನದ್ದಲ್ವಾ" ಎಂದು ತಂಗಿ ಆಶ್ರಿತಾಳ ಹತ್ತಿರ ಹೇಳಿದೆಯಂತೆ. ಕೇಳಿ ಆ ದಿನ ನನಗೆ ಅನ್ನ ಇಳಿಯಲಿಲ್ಲ. ಅಜ್ಜನ ಶ್ರಾದ್ಧವನ್ನು ನಿನ್ನ ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ; ಜ್ವರವಿದ್ದಾಗಲೂ ಒದ್ದೆ ಪಂಚೆಯಲ್ಲಿ ಕುಳಿತು ಎಳ್ಳುನೀರು ಬಿಟ್ಟಿದ್ದಾರೆ. ಅವರಿಗೂ ಅಜ್ಜನಿಗೂ ರಕ್ತದ ನಂಟಿರಲಿಲ್ಲ. ನಿನಗೂ ಅವರಿಗೂ ಅದೂ ಇದೆ. ಪುರೋಹಿತರಿಗೆ, ಮಗನೇ ಮಾಡುತ್ತಾನೆ ಎಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿನೀರು ಕುಡಿ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ,
ಯಶೋದಾ

ತಾ.ಕ.: ಆಶ್ರಿತಾ ಅಹಮದಾಬಾದಿನಿಂದ ತನ್ನದನ್ನೂ ಪರೀಕ್ಷೆಗೆ ಕಳಿಸಿದ್ದಾಳೆ. "ನಾನೂ ಅಣ್ಣನೂ ಒಂದೇ ಅಪ್ಪನ ಮಕ್ಕಳು ಅಂತ ಬರ್ತದೆ ನೋಡಮ್ಮ, ಆಗ ಬಾಯಿ ಮುಚ್ಕೊಂಡು ಬರ್ತಾನೆ" ಎನ್ನುತ್ತಾಳೆ. ಆ ಉತ್ತರ ಬರಲು ಇನ್ನೂ ತಿಂಗಳು ಹಿಡಿಯುತ್ತದಂತೆ. ನೀನು ಗುರುವಾರವೇ ಬಾ. ಅದನ್ನು ನೋಡಿದ ಮೇಲೆಯೇ ಬರುವುದಾದರೆ, ಮಗಾ, ಬರಬೇಡ.