ಹಸು ಎಂದು ಬರೆದ ಕುದುರೆ

ಕುದೂರು
ಫೆಬ್ರವರಿ 9

ಪಶುವೈದ್ಯಾಧಿಕಾರಿಗಳಿಗೆ ವನಜಾಕ್ಷಿಯ ನಮಸ್ಕಾರಗಳು.

ಇದು ನನ್ನ ನಾಲ್ಕನೇ ಅರ್ಜಿ. ಮದುವೆ ಮೆರವಣಿಗೆಗಳಿಗೆ ಹೋಗುವ ನಮ್ಮ ಹೆಣ್ಣು ಕುದುರೆ ರಂಗಿಗೆ ಹೋದ ವರ್ಷ ಹೊಟ್ಟೆನೋವು ಬಂದಾಗ, ನಿಮ್ಮ ಡಾಕ್ಟರೊಬ್ಬರು ಬಂದು ಉಳಿಸಿದರು. ಅವರ ಪಟ್ಟಿಯಲ್ಲಿ ಕುದುರೆಗೆ ಜಾಗವಿರಲಿಲ್ಲವೆಂದು ಹಸು ಎಂದು ಬರೆದುಕೊಂಡರು. ಅದಕ್ಕಾಗಿ ಅವರಿಗೆ ತೊಂದರೆ ಕೊಡಬೇಡಿ.

ಈಗ ಕುದುರೆಗಳಿಗೆ ರೋಗ ಬಂದಿದೆಯೆಂದು, ರಕ್ತ ಪರೀಕ್ಷೆಯಾಗದ ಕುದುರೆ ಊರು ದಾಟಬಾರದೆಂಬ ಆದೇಶವಾಗಿದೆ. ಪರೀಕ್ಷೆ ಮಾಡಿಸಿ ಎಂದು ಕೇಳಲು ಬಂದರೆ ನಿಮ್ಮ ಗುಮಾಸ್ತರು ಪುಸ್ತಕ ತಿರುವಿ, "ನಿಮ್ಮನೇಲಿ ಕುದ್ರೆ ಎಲ್ಲೈತಮ್ಮ? ಇರಾದು ಹಸು" ಎಂದರು. ಕಣ್ಣಾರೆ ನೋಡಲಿ ಎಂದು ರಂಗಿಯನ್ನೇ ನಡೆಸಿಕೊಂಡು ಹೊರಟೆ. ಊರ ಗಡಿಯಲ್ಲಿ ಕಾವಲಿದ್ದವರು ತಡೆದು, "ಪರೀಕ್ಷೆ ಚೀಟಿ ಇಲ್ದೆ ಕುದ್ರೆ ಹೊಡ್ಕೊಂಡ್ ಬಂದಿದ್ದೀಯಲ್ಲಮ್ಮ, ವಾಪಸ್ ನಡಿ" ಎಂದು ಗದರಿದರು.

"ಸ್ವಾಮಿ, ಇದು ಕುದ್ರೇನೇ ಅಂತ ಒಸಿ ಬರ್ದುಕೊಡಿ" ಎಂದು ಕೇಳಿದೆ. ನಕ್ಕರು.

ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಮೊನ್ನೆಯಿಂದ ರಂಗಿಯ ಮೂಗಿನಲ್ಲಿ ನೀರು ಸುರಿಯುತ್ತಿದೆ. ಆ ರೋಗ ಮನುಷ್ಯರಿಗೂ ಹರಡುತ್ತದೆಂದು ನಿಮ್ಮ ಕರಪತ್ರದಲ್ಲಿ ಓದಿ, ಮಗಳು ಪುಟ್ಟಿಯನ್ನು ತಂಗಿಯ ಮನೆಗೆ ಕಳಿಸಿದ್ದೇನೆ. ರೋಗವಿದ್ದರೆ ಕುದುರೆಯನ್ನು ಕೊಲ್ಲಬೇಕಾಗುತ್ತದೆ ಎಂದೂ ಅದರಲ್ಲೇ ಇದೆ. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ, ಈ ವಾರದೊಳಗೆ ಯಾರನ್ನಾದರೂ ಕಳಿಸಿ.

ಹೊಸಬರು ಹತ್ತಿರ ಬಂದರೆ ರಂಗಿ ಒದೆಯುತ್ತಾಳೆ. ರಕ್ತ ತೆಗೆಯುವಾಗ ನಾನೇ ಹಿಡಿದುಕೊಂಡಿರುತ್ತೇನೆ.

ಇಂತಿ,
ಕುದುರೆ ಮನೆಯ ವನಜಾಕ್ಷಿ