ಒಂದು ಊರಿಗೆ ಒಂದು ಬಾಟಲಿ

೧೮ ಆಗಸ್ಟ್ ೨೦೦೫, ಗುರುವಾರ
ಲೇಡೀಸ್ ಹಾಸ್ಟೆಲ್, ಬಸವಕಲ್ಯಾಣ

ಸರ್ ನನ್ನ ಬಾಟಲಿಯ ನೀರನ್ನು ಪರೀಕ್ಷೆ ಮಾಡದೆಯೇ ಸಿಂಕಿಗೆ ಸುರಿದುಬಿಟ್ಟರು.

ಎನ್ವಿರಾನ್‌ಮೆಂಟ್ ಪ್ರಾಕ್ಟಿಕಲ್‌ಗೆ ಎಲ್ಲರೂ ತಂತಮ್ಮ ಊರಿನ ಕುಡಿಯುವ ನೀರು ತರಬೇಕಿತ್ತು. ಹುಮನಾಬಾದ್ ಹತ್ತಿರದ ನಮ್ಮ ಊರಿನವರು ನಾನು ಮತ್ತು ವಿದ್ಯಾವತಿ. ಅವಳು ತಂದದ್ದು ಊರೊಳಗಿನ ನಳದ ನೀರು, ತಿಳಿಯಾಗಿತ್ತು. ನನ್ನದು ನಮ್ಮ ಕೇರಿಯ ಬಾವಿಯದು, ಕಂದು ಬಣ್ಣ. ಫ್ಯಾಕ್ಟರಿಯ ಕೊಳೆನೀರಿನ ನಾಲಾ ಆ ಬಾವಿಯ ಪಕ್ಕದಲ್ಲೇ ಹರಿಯುತ್ತದೆ. ತಂಗಿಗೆ ಬೇಸಿಗೆಯಿಂದಲೂ ಹೊಟ್ಟೆನೋವು. ಆ ನೀರು ಕುಡಿಯಬಹುದೋ ಇಲ್ಲವೋ ಕೇಳಿಕೊಂಡು ಬಾ ಎಂದು ಅವ್ವ ಕಳಿಸಿದ್ದಳು.

“ಒಂದ್ ಊರಿಗಿ ಒಂದ್ ಸ್ಯಾಂಪಲ್ ಸಾಕವ್ವ,” ಅಂದರು ಸರ್.

“ನಮ್ಮ ಬಾವಿ ಬ್ಯಾರೆ ಅದ ರೀ ಸರ್.”

“ಊರು ಒಂದೇ ಅಲ್ಲೇನು?”

ಕ್ಲಾಸೆಲ್ಲ ನಕ್ಕಿತು. ಚಾರ್ಟಿನಲ್ಲಿ ನಮ್ಮ ಊರಿನ ಮುಂದೆ ‘ಕುಡಿಯಲು ಯೋಗ್ಯ’ ಎಂದು ಬರೆದರು. ಅದು ತಾಲೂಕು ಆಫೀಸಿಗೂ ಹೋಗುತ್ತದಂತೆ. ಇನ್ನು ನಮ್ಮ ಬಾವಿಯನ್ನು ನೋಡಲು ಯಾರು ಬರುತ್ತಾರೆ?

ಊಟದ ಮೇಲೆ ವಿದ್ಯಾವತಿ ಪಕ್ಕಕ್ಕೆ ಬಂದು ಕೂತಳು. “ಯಾಕ ಸಿಟ್ಟಾಗೀದಿ, ಹುಚ್ಚಿ? ನೀನೂ ನಳದ ನೀರೇ ತರಬೇಕಿತ್ತು.”

“ನಿಮ್ಮ ನಳ ನಾವು ಮುಟ್ಟಂಗಿಲ್ಲಲ್ಲ.”

ಅವಳು ನನ್ನ ಕೈ ಹಿಡಿದಳು. “ನನಗ ಹೇಳಿದ್ರ ನಾನೇ ನಿನ್ನ ಬಾಟ್ಲಿಗಿ ಮ್ಯಾಲಿಂದ ಹಾಕ್ತಿದ್ದೆ.”

ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ತಂಬಿಗೆಯಿಂದ ಕುಡಿಯುತ್ತೇವೆ. ಅವಳು ಪ್ರೀತಿಯಿಂದಲೇ ಅಂದಳು, ಅದು ನನಗೆ ಗೊತ್ತು. ಈಗ ಪಕ್ಕದ ಕಾಟಿನಲ್ಲಿ ನಿದ್ದೆ ಹೋಗಿದ್ದಾಳೆ. ಅವಳಿಗೆ ಎಚ್ಚರವಾದೀತೆಂದು ಜೋರಾಗಿ ಅಳಲೂ ಆಗುತ್ತಿಲ್ಲ.